ಮಣಿಯದ ತಿರುಪು

ತುಂಬಾ ದಿನಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ಕೆಲಸ, ಕೆಲಸ, ಮತ್ತೆ ಕೆಲಸ. ರಿಲೀಸ್ ಮುಗಿದ ಮೇಲೆ ನಾಲ್ಕು ದಿನ ರಜೆ ಹಾಕಿ ಹೊಳೆನರಸೀಪುರದ ಅಜ್ಜಿ ಮನೆಗೆ ಹೋಗಿದ್ದೆ. ನಿದ್ದೆ ಮಾಡಬೇಕು, ಮುದ್ದೆ ಉಣ್ಣಬೇಕು ಅನ್ನೋದಷ್ಟೇ ಪ್ಲಾನು. ಆದರೆ ಹೋದ ದಿನವೇ ಮಾವ ಹೇಳಿದ್ರು: "ಕೊಟ್ಟಿಗೇಲಿರೋ ತಾತನ ಯೆಜ್ಡಿನ ಗುಜರಿಯವನಿಗೆ ಮಾತಾಡಿದೀನಿ ಕಣೋ. ಭಾನುವಾರ ಬಂದು ತಗೊಂಡೋಗ್ತಾನೆ."

ಅದು 1982ರ ಗಾಡಿ. ತಾತ ತೀರಿಕೊಂಡ ಮೇಲೆ ಯಾರೂ ಮುಟ್ಟಿಲ್ಲ. ನಾನು ಚಿಕ್ಕವನಿದ್ದಾಗ ಅದರ ಟ್ಯಾಂಕಿನ ಮೇಲೆ ಕೂತು ಅಂಗಡಿ ಬೀದಿಗೆ ಹೋಗುತ್ತಿದ್ದದ್ದು ಬಿಟ್ಟರೆ ನನಗೂ ಅದಕ್ಕೂ ದೊಡ್ಡ ಸಂಬಂಧ ಇರಲಿಲ್ಲ. ಆದರೂ ಗುಜರಿ ಅಂದ ತಕ್ಷಣ ಹೊಟ್ಟೆಯೊಳಗೆ ಏನೋ ಆಯ್ತು. "ಒಂದ್ ಸಲ ಇಂಜಿನ್ ಬಿಚ್ಚಿ ನೋಡ್ತೀನಿ ಮಾವ, ತಿರುಗಿದ್ರೆ ಕೊಡೋದು ಬೇಡ" ಅಂದೆ. ಮಾವ ನಕ್ಕು "ಇಂಜಿನಿಯರು ಬಿಡಪ್ಪ ನೀನು" ಅಂದ್ರು. (ಜಾವಾ ಪ್ರೋಗ್ರಾಮಿಂಗ್ ಹೊಟ್ಟೆಪಾಡಿಗೆ ಬರೆಯುತ್ತೇನೆ. ಈ ಜಾವಾ ಬೇರೆ ಅಂತ ಆವತ್ತೇ ಗೊತ್ತಾಗಿದ್ದು :) )

ಎಡಗಡೆ ಕ್ಲಚ್ ಕವರಿಗೆ ಅಗಲ ತಲೆಯ, ನೇರ ಸೀಳಿನ ಸ್ಕ್ರೂಗಳು. ಎರಡು ಹೇಗೋ ಬಂದವು. ಮೂರನೆಯದು ಮಿಸುಕಲಿಲ್ಲ. ಇನ್ನಷ್ಟು ಒತ್ತಿ ತಿರುಗಿಸಿದೆ, ಸ್ಕ್ರೂಡ್ರೈವರ್ ಜಾರಿ ಸೀಳಿನ ಅಂಚು ಕಿತ್ತು ಬಂತು, ಜೊತೆಗೆ ನನ್ನ ಹೆಬ್ಬೆರಳ ಚರ್ಮವೂ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ ನನಗೆ ಒಂದು ಸ್ಕ್ರೂ ಬಿಚ್ಚುವುದು ಹೇಗೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ಜಗುಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ನೋಡಿ, "ತಿರುಪು ಕಚ್ಕೊಂಡಿದ್ರೆ ಎಣ್ಣೆ ಬಿಟ್ಟು ಒಂದ್ ರಾತ್ರಿ ಬಿಡ್ಬೇಕು ಮಗ. ಜೋರ್ ಮಾಡಿದ್ರೆ ಮೂಗೇ ಹರಿದೋಗುತ್ತೆ" ಅಂದ್ರು. ಅವರು ಹೇಳುತ್ತಿದ್ದದ್ದು ಮೂಗುಬೊಟ್ಟಿನ ತಿರುಪಿನ ಬಗ್ಗೆ! ಯೋಚನೆ ಮಾಡಿದರೆ ನಮ್ಮ ಕಡೆ ಬಹಳ ಮನೆಗಳಿಗೆ ಸ್ಕ್ರೂ ಅನ್ನುವುದು ಬಂದದ್ದು ಮೆಷೀನಿನ ಜೊತೆ ಅಲ್ಲ, ಓಲೆ ಮೂಗುಬೊಟ್ಟಿನ ಜೊತೆ. ಕೊಬ್ಬರಿ ಎಣ್ಣೆ ಒಂದು ತೊಟ್ಟು ಬಿಟ್ಟು ಮಾರನೇ ದಿನ ಮೆಲ್ಲಗೆ ತಿರುಗಿಸುವುದು. ಇವತ್ತು ಡಬ್ಬಿಯಲ್ಲಿ ಮಾರುವ ಡಬ್ಲ್ಯೂಡಿ-40 ಮಾಡುವುದೂ ಹೆಚ್ಚುಕಡಿಮೆ ಇದನ್ನೇ.

ಎಣ್ಣೆ ಬಿಟ್ಟು ಮಲಗಿದೆ. ಬೆಳಗ್ಗೆಯೂ ಬರಲಿಲ್ಲ. ಅಲ್ಲಿಂದ ಶುರುವಾಯಿತು ಈ ಬರಹ.

ಪೆಟ್ಟು ಕೊಟ್ಟು ಬಿಚ್ಚುವ ವಿದ್ಯೆ ನಮ್ಮೂರುಗಳಿಗೆ ಹೊಸದಲ್ಲ. ಎತ್ತಿನಗಾಡಿ ನೋಡಿದವರಿಗೆ ಕಡಾಣಿ ಗೊತ್ತು, ಚಕ್ರ ಅಚ್ಚಿನಿಂದ ಆಚೆ ಬರದಂತೆ ತಡೆಯುವ ಕಬ್ಬಿಣದ ಮೊಳೆ. ಅದು ಕಚ್ಚಿಕೊಂಡರೆ ಯಾರೂ ಕೈಯಲ್ಲಿ ಎಳೆಯುತ್ತಾ ಕೂರುವುದಿಲ್ಲ. ಕೆಳಗಿನಿಂದ ಸುತ್ತಿಗೆಯಲ್ಲಿ ಒಂದು ಬಿಗಿಯುತ್ತಾರೆ, ಮೇಲೆದ್ದು ಬರುತ್ತದೆ. ಅದೇ ಗಾಡಿಯ ಚಕ್ರಕ್ಕೆ ಕಬ್ಬಿಣದ ಹಳಿ ಹಾಕುವಾಗ ಆಚಾರಿಗಳು ಹಳಿಯನ್ನು ಬೆರಣಿ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಮರದ ಚಕ್ರದ ಮೇಲೆ ಕೂರಿಸಿ, ನೀರು ಸುರಿದು ಬಿಗಿ ಮಾಡುತ್ತಿದ್ದರು. ಬಿಸಿ, ಪೆಟ್ಟು, ಎಣ್ಣೆ. ಕಚ್ಚಿಕೊಂಡ ಬೋಲ್ಟ್ ಬಿಚ್ಚಲು ಇವತ್ತಿಗೂ ಇರುವ ಅಸ್ತ್ರಗಳು ಈ ಮೂರೇ. ಬದಲಾಗಿದ್ದು ಸ್ಕ್ರೂವಿನ ತಲೆ. ಒಂದೊಂದು ಹೊಸ ಗಾಡಿ ಊರಿಗೆ ಬಂದಾಗಲೂ ಹೊಸ ಥರದ ತಲೆ ಬಂತು, ಮೆಕ್ಯಾನಿಕ್ಕುಗಳ ಕೈಯಲ್ಲಿದ್ದ ವಿದ್ಯೆ ಆಟಕ್ಕಿಲ್ಲದ್ದಾಯಿತು, ಹೊಸದಾಗಿ ಕಲಿಯಬೇಕಾಯಿತು.

ಮೊದಲು ನಮ್ಮ ಜಾವಾ ಕಥೆಗೆ ಬರೋಣ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯಿಂದ ಬೈಕುಗಳು ಹೊರಬರಲು ಶುರುವಾದದ್ದು 1961ರಲ್ಲಿ. ಫಾರೂಖ್ ಇರಾನಿ ಮತ್ತು ರುಸ್ತುಂ ಇರಾನಿ ಇದರ ಹಿಂದಿದ್ದವರು. ಜೆಕೊಸ್ಲೊವಾಕಿಯಾದ ಕಂಪನಿಯ ಲೈಸೆನ್ಸು. 'ಜಾವಾ' ಅನ್ನುವುದೇ ಯಾನೆಚೆಕ್ ಮತ್ತು ವಾಂಡರರ್ ಅನ್ನುವ ಎರಡು ಹೆಸರುಗಳ ಮೊದಲ ಅಕ್ಷರಗಳಿಂದ 1929ರಲ್ಲಿ ಹುಟ್ಟಿದ ಪದ, ದ್ವೀಪಕ್ಕೂ ಅದಕ್ಕೂ ಸಂಬಂಧ ಇಲ್ಲ. 1970ರ ದಶಕದಲ್ಲಿ ಮೈಸೂರಿನ ಗಾಡಿ ಯೆಜ್ಡಿ ಆಯಿತು. ಕಿಕ್ ಹೊಡೆದು ಅದೇ ಲಿವರನ್ನು ಮುಂದೆ ಮಗುಚಿದರೆ ಗೇರ್ ಲಿವರ್ ಆಗುತ್ತಿತ್ತಲ್ಲ, ನೆನಪಿದೆಯಾ? ಮೈಸೂರು ಪಕ್ಕದಲ್ಲೇ ಇದ್ದದ್ದರಿಂದ ಹೊಳೆನರಸೀಪುರ, ಹಾಸನ, ಅರಕಲಗೂಡಿನ ಮೇಷ್ಟ್ರುಗಳು, ಗ್ರಾಮಸೇವಕರು, ಶ್ಯಾನುಭೋಗರ ಮಕ್ಕಳು ಇದನ್ನು ಓಡಿಸಿದರು. ಸಕಲೇಶಪುರದ ಕಡೆ ಕಾಫಿ ತೋಟದ ರೈಟರುಗಳೂ.

ಈ ಗಾಡಿಯ ಕವರುಗಳಿಗೆ ಇದ್ದದ್ದು ನೇರ ಸೀಳಿನ ಸ್ಕ್ರೂ. ಬಂದರೆ ಸ್ಕ್ರೂಡ್ರೈವರಿಗೆ ಬಂತು. ಬರದಿದ್ದರೆ ಮೆಕ್ಯಾನಿಕ್ ಉಳಿ ತೆಗೆದುಕೊಂಡು ತಲೆಯ ಅಂಚಿಗೆ ಓರೆಯಾಗಿ ಇಟ್ಟು, ಬಿಚ್ಚುವ ದಿಕ್ಕಿಗೆ ಟಕ್ ಟಕ್ ಅಂತ ಹೊಡೆಯುತ್ತಿದ್ದ. ಎರಡು ಮೂರು ಏಟಿಗೆ ಸ್ಕ್ರೂ ಒಂದು ಕೂದಲೆಳೆ ತಿರುಗುತ್ತಿತ್ತು, ಆಮೇಲೆ ಸಲೀಸು. ಕೆಲಸ ಆಗುತ್ತಿತ್ತು, ಆದರೆ ತಲೆಯ ಮೇಲೆ ಗಾಯ ಉಳಿಯುತ್ತಿತ್ತು. ತಾತನ ಗಾಡಿಯ ಸ್ಕ್ರೂಗಳನ್ನು ಟಾರ್ಚ್ ಹಾಕಿ ನೋಡಿದೆ. ಒಂದೊಂದರ ಅಂಚಿನಲ್ಲೂ ಉಳಿಯ ಕಚ್ಚುಗಳು. ಒಂದಕ್ಕೆ ಎರಡು, ಒಂದಕ್ಕೆ ನಾಲ್ಕು. ಕೆಲವು ಹಳತಾಗಿ ಕಪ್ಪಾಗಿವೆ. ಗಾಡಿಯನ್ನು ಎಷ್ಟು ಸಲ ಬಿಚ್ಚಿದ್ದಾರೆ ಅನ್ನುವುದಕ್ಕೆ ಅಲ್ಲಿ ಲೆಕ್ಕ ಇದೆ. ಬಿ.ಎಲ್. ರೈಸ್ ಸಾಹೇಬರು ಎಪಿಗ್ರಾಫಿಯಾ ಕರ್ನಾಟಿಕಾದ ಐದನೇ ಸಂಪುಟದಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನೆಲ್ಲ ಹಾಕಿದ್ದಾರೆ, ಇವನ್ನು ಯಾರು ಓದಬೇಕೋ.

ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ತಾತ ಅರಕಲಗೂಡಿನಲ್ಲಿ ಮೇಷ್ಟ್ರಾಗಿದ್ದಾಗಿನಿಂದ ಕೊನೆಯವರೆಗೂ ಒಬ್ಬರೇ ಮೆಕ್ಯಾನಿಕ್ ಹತ್ತಿರ ಹೋಗುತ್ತಿದ್ದರಂತೆ. ಮಾವನ ಸ್ಕೂಟರ್ ತಗೊಂಡು ಅರಕಲಗೂಡಿಗೆ ಹೊರಟೆ. ಮೆಕ್ಯಾನಿಕ್ ಈಗ ಅಂಗಡಿ ಮುಚ್ಚಿ ಮನೆಯಲ್ಲಿದ್ದಾರೆ, ಎಪ್ಪತ್ತರ ಹತ್ತಿರದ ವಯಸ್ಸು. ಮೇಷ್ಟ್ರ ಮೊಮ್ಮಗ ಅಂದಕೂಡಲೇ ಒಳಗೆ ಕರೆದು ಕೂರಿಸಿ ಟೀ ಕೊಟ್ಟರು. ಸ್ಕ್ರೂ ವಿಷಯ ಹೇಳಿದೆ. "ಡ್ರೈವರ್ ಜಾರಿತಾ? ಎಷ್ಟು ಸಲ?" ಅಂತ ಡಾಕ್ಟರ ಥರ ವಿಚಾರಿಸಿಕೊಂಡರು.

ಅವರು ಹೇಳಿದ ಕಥೆ ಇದು. ಅದರ ಮಧ್ಯೆ ನಾನು ಓದಿ ತಿಳಿದದ್ದನ್ನೂ ಸೇರಿಸಿದ್ದೇನೆ.

1984ರಿಂದ 86ರ ಒಳಗೆ ನಮ್ಮ ದೇಶಕ್ಕೆ ಜಪಾನಿ ಬೈಕುಗಳು ಸಾಲಾಗಿ ಬಂದವು. 1984ರಲ್ಲಿ ಟಿವಿಎಸ್‌ನವರ ಇಂಡ್-ಸುಜುಕಿ, 1985ರಲ್ಲಿ ಹೀರೋ ಹೋಂಡಾ ಸಿಡಿ 100, ಅದೇ ವರ್ಷ ಎಸ್ಕಾರ್ಟ್ಸ್‌ನವರ ಯಮಹಾ ಆರ್‌ಎಕ್ಸ್ 100, 1986ರಲ್ಲಿ ಕವಾಸಾಕಿ ಬಜಾಜ್. ಹುಡುಗರು ಆರ್‌ಎಕ್ಸ್ ಸೌಂಡಿಗೆ ಮರುಳಾದರು. ಅರಕಲಗೂಡಿನ ಮೇಸ್ತ್ರಿಗೆ ಕಂಡದ್ದು ಮಾತ್ರ ಕವರಿನ ಮೇಲಿದ್ದ ಕೂಡುಗುರುತಿನ ಸ್ಕ್ರೂ! "ನಾಲ್ಕು ಮೂಲೆ ಇದೆ, ಹಿಡಿತ ಜಾಸ್ತಿ, ಸುಲಭ ಅಂದ್ಕೊಂಡೆ. ಮೊದಲನೇ ಗಾಡೀಲೇ ಮೂರು ಸ್ಕ್ರೂ ತಲೆ ಹೋಯ್ತು. ಹುಡುಗ ಹೊಸಾ ಗಾಡಿ ತಂದಿದ್ದ, ಅಳೋದೊಂದು ಬಾಕಿ."

ಆ ಕೂಡುಗುರುತಿನ ಹಿನ್ನೆಲೆ ಸ್ವಾರಸ್ಯವಾಗಿದೆ. ಅಮೆರಿಕದ ಜಾನ್ ಥಾಂಪ್ಸನ್ ಎಂಬಾತ ಮೊದಲು ಯೋಚಿಸಿದ್ದನ್ನು ಕೊಂಡು, ತಿದ್ದಿ, 1936ರಲ್ಲಿ ಪೇಟೆಂಟ್ ಪಡೆದವನು ಹೆನ್ರಿ ಫಿಲಿಪ್ಸ್. ಜನರಲ್ ಮೋಟಾರ್ಸ್ ಅದನ್ನು ಕ್ಯಾಡಿಲಾಕ್ ಕಾರಿಗೆ ಹಾಕಿತು. ಕಾರ್ಖಾನೆಯಲ್ಲಿ ಮೆಷೀನು ಪಟಪಟ ಅಂತ ಸ್ಕ್ರೂ ಬಿಗಿಯುತ್ತಾ ಹೋಗುವಾಗ ನೇರ ಸೀಳಿನಲ್ಲಿ ಡ್ರೈವರ್ ಪಕ್ಕಕ್ಕೆ ಜಾರುತ್ತದೆ, ಕೂಡುಗುರುತಿನಲ್ಲಿ ತಾನಾಗಿ ನಡುವಿಗೆ ಬಂದು ಕೂರುತ್ತದೆ. ಅಂದರೆ ಈ ತಲೆ ಹುಟ್ಟಿದ್ದೇ ಬಿಗಿಯುವವನ ಅನುಕೂಲಕ್ಕೆ. ಐವತ್ತು ವರ್ಷ ಆದಮೇಲೆ ಅರಕಲಗೂಡಿನಲ್ಲಿ ಅದನ್ನು ಬಿಚ್ಚಬೇಕಾದವನ ಬಗ್ಗೆ ಅವರ್ಯಾಕೆ ಯೋಚಿಸುತ್ತಾರೆ? (ನಾವು ಕೋಡ್ ಬರೆಯುವಾಗ ಯೋಚಿಸುತ್ತೇವಾ? ಇರಲಿ.)

ಅದರ ಮೇಲೆ ಇನ್ನೊಂದು ತೊಡಕು. ಜಪಾನಿಯರ ಕೂಡುಗುರುತು ನೋಡಲು ಫಿಲಿಪ್ಸ್ ಥರವೇ ಇದ್ದರೂ ಅದರ ಅಳತೆ ಬೇರೆ, ಅವರ ಜೆಐಎಸ್ ಪ್ರಕಾರ. ಸಾಮಾನ್ಯ ಫಿಲಿಪ್ಸ್ ಡ್ರೈವರ್ ಹಾಕಿದರೆ ಅದರ ತುದಿ ಕುಳಿಯ ತಳಕ್ಕೆ ತಾಗುತ್ತದೆ, ಆದರೆ ಪಕ್ಕದ ರೆಕ್ಕೆಗಳು ಗೋಡೆಗೆ ಪೂರ್ತಿ ಒತ್ತಿಕೊಳ್ಳುವುದಿಲ್ಲ. ಜೋರು ಹಾಕಿದಷ್ಟೂ ಡ್ರೈವರ್ ಮೇಲಕ್ಕೆ ಹತ್ತುತ್ತದೆ, ಹತ್ತುವಾಗ ಮೂಲೆಗಳನ್ನು ಸವೆಸಿಕೊಂಡು ಹೋಗುತ್ತದೆ. ಹಳೇ ಆರ್‌ಎಕ್ಸ್ ಗಾಡಿಗಳಲ್ಲಿ ಸ್ಕ್ರೂ ತಲೆ ದುಂಡಗಾಗಿದ್ದರೆ ಮೆಕ್ಯಾನಿಕ್ಕನ್ನು ಬೈಯಬೇಡಿ.

ಮೂರನೇ ತೊಡಕು ಲೋಹದ್ದು. ಕವರು ಅಲ್ಯುಮಿನಿಯಂ, ಸ್ಕ್ರೂ ಉಕ್ಕು. ನಡುವೆ ಮಳೆ ನೀರು ಸೇರಿದರೆ ಅದೊಂದು ಪುಟಾಣಿ ಬ್ಯಾಟರಿ ಆಗುತ್ತದೆ. ಅಲ್ಯುಮಿನಿಯಂ ಕೊರೆದು ಬಿಳೀ ಪುಡಿಯಾಗಿ ಮರೆಗಳ ಸಂದಿಯಲ್ಲಿ ತುಂಬಿಕೊಳ್ಳುತ್ತದೆ. ಮೇಸ್ತ್ರಿ ಇದನ್ನು "ಸುಣ್ಣ ಕಟ್ಟೋದು" ಅಂದರು. ಅವರಿಗೆ ಒಂದು ಲೆಕ್ಕ ಇತ್ತು: ಚನ್ನರಾಯಪಟ್ಟಣದ ಗಾಡಿ ಬಂದರೆ ಧೂಳು, ಸ್ಕ್ರೂ ಸಲೀಸು. ಅರಕಲಗೂಡಿನದು ಮಧ್ಯಸ್ಥ. ಸಕಲೇಶಪುರ ಕಡೆಯ ತೋಟದ ಗಾಡಿ ಬಂದರೆ ಮೊದಲು ಡೀಸೆಲ್ ಸುರಿದು ಎರಡು ದಿನ ಬಿಟ್ಟು ಬನ್ನಿ ಅಂತ ಕಳಿಸುತ್ತಿದ್ದರಂತೆ. ಒಂದೇ ಜಿಲ್ಲೆಯಲ್ಲಿ ಬಯಲುಸೀಮೆಯೂ ಮಲೆನಾಡೂ ಇರುವುದನ್ನು ನಾವು ಸಮಾಜ ಪಾಠದಲ್ಲಿ ಓದಿದ್ದೆವು, ಅವರು ಸ್ಕ್ರೂನಲ್ಲಿ ಓದಿದ್ದರು.

ಉಳಿ ಇಲ್ಲಿ ನಡೆಯಲಿಲ್ಲವಾ ಅಂತ ಕೇಳಿದೆ. ನಡೆಯುತ್ತಿತ್ತು, ಆದರೆ ಸ್ಕ್ರೂ ಸಣ್ಣದು, ಕೆಲವು ಕಡೆ ತಲೆ ಕವರಿನ ಗುಂಡಿಯೊಳಗೆ ಕೂತಿರುತ್ತದೆ, ಉಳಿ ಇಡಲು ಅಂಚೇ ಸಿಗುವುದಿಲ್ಲ. ಆಗ ಅವರು ಹಾಸನಕ್ಕೆ ಹೋಗಿ ತಂದದ್ದೇ ಇಂಪ್ಯಾಕ್ಟ್ ಡ್ರೈವರ್. ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಅದನ್ನು ತಂದು ನನ್ನ ಕೈಗಿಟ್ಟರು. ಬ್ಯಾಟರಿ ಇಲ್ಲ, ವೈರ್ ಇಲ್ಲ. ಒಂದು ಗೇಣುದ್ದದ ದಪ್ಪ ಉಕ್ಕಿನ ಗಟ್ಟಿ. ಹಿಂಭಾಗ ಸುತ್ತಿಗೆ ಏಟು ತಿಂದು ಅಣಬೆ ಥರ ಹರಡಿಕೊಂಡಿತ್ತು.

ಒಳಗೆ ಏನಿದೆ ಅಂದರೆ ಓರೆಯಾಗಿ ಕೊರೆದ ಒಂದು ದಾರಿ, ಅದರೊಳಗೆ ಕೂರುವ ಒಂದು ಪಿನ್ನು, ಹಿಂದೆ ಒಂದು ಸ್ಪ್ರಿಂಗು. ಮೇಲಿನಿಂದ ಸುತ್ತಿಗೆಯಲ್ಲಿ ಹೊಡೆದಾಗ ಪಿನ್ನು ಆ ಓರೆ ದಾರಿಯಲ್ಲಿ ಇಳಿಯಲೇಬೇಕು, ಇಳಿಯುವಾಗ ಮುಂದಿನ ಬಿಟ್ಟು ಸ್ವಲ್ಪ ತಿರುಗುತ್ತದೆ. ಅಷ್ಟೇ! ಆದರೆ ಗಮನಿಸಿ, ಒಂದೇ ಏಟಿಗೆ ಎರಡು ಕೆಲಸ. ಬಿಟ್ಟನ್ನು ಸ್ಕ್ರೂವಿನೊಳಗೆ ಒತ್ತುವುದೂ, ತಿರುಗಿಸುವುದೂ ಅದೇ ಕ್ಷಣದಲ್ಲಿ. ಡ್ರೈವರ್ ಮೇಲಕ್ಕೆ ಹತ್ತಿ ಜಾರಲು ಅವಕಾಶವೇ ಇಲ್ಲ.

ಎಷ್ಟು ಬಲ ಅಂತ ಬಸ್‌ಸ್ಟ್ಯಾಂಡಿನಲ್ಲಿ ಕೂತು ಮೊಬೈಲಿನಲ್ಲಿ ಲೆಕ್ಕ ಹಾಕಿದೆ. 1 ಕಿಲೋ ಸುತ್ತಿಗೆ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬಂದು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ನಿಂತರೆ 5000 ನ್ಯೂಟನ್. ಅಂದರೆ ಆ ಒಂದು ಕ್ಷಣ ಸ್ಕ್ರೂ ತಲೆಯ ಮೇಲೆ ಹೆಚ್ಚುಕಡಿಮೆ 500 ಕಿಲೋ ಭಾರ ಕೂತ ಹಾಗೆ. ನಾನು ಪೂರ್ತಿ ಮೈ ಭಾರ ಬಿಟ್ಟರೂ 70 ಕಿಲೋ. ಜೊತೆಗೆ ಏಟಿನ ಅದುರಿಗೆ ಮರೆಗಳ ನಡುವೆ ಕಟ್ಟಿದ ಸುಣ್ಣವೂ ಬಿರುಕು ಬಿಡುತ್ತದೆ. ನಿಧಾನವಾಗಿ ಒತ್ತಡ ಹೆಚ್ಚಿಸುತ್ತಾ ಹೋದರೆ ಸ್ಕ್ರೂ ತಿರುಚಿಕೊಂಡು ಮುರಿಯಬಹುದು, ಚಿಕ್ಕ ಕ್ಷಣದ ದೊಡ್ಡ ಏಟಿಗೆ ಹಿಡಿತ ಬಿಡುತ್ತದೆ.

ಇನ್ನೊಂದು ಮಾತು ತಲೆಗೆ ಬಂತು. ದಕ್ಷಿಣ ಕನ್ನಡದ ಕಡೆ ಸ್ಕ್ರೂಡ್ರೈವರಿಗೆ ತಿರುಪುಳಿ ಅನ್ನುತ್ತಾರೆ. ತಿರುಪು ಮತ್ತು ಉಳಿ. ನಮ್ಮ ಕೈಯಲ್ಲಿರುವ ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರಿನಲ್ಲಿ ಉಳಿಯ ಗುಣ ಏನಿದೆ? ಸುತ್ತಿಗೆ ಏಟು ತಿಂದು ತಿರುಗುವ ಈ ಗಟ್ಟಿಗೇ ಆ ಹೆಸರು ಸರಿ.

ಗಾಳಿ ಮತ್ತು ಕರೆಂಟಿನ ಇಂಪ್ಯಾಕ್ಟ್ ಗನ್ನಿನದು ಇದರದೇ ಇನ್ನೊಂದು ಕವಲು. 1930ರ ದಶಕದಲ್ಲಿ ಅಮೆರಿಕದಲ್ಲಿ ಇಂಗರ್‌ಸಾಲ್ ರ್ಯಾಂಡ್ ಕಂಪನಿ ಇದನ್ನು ಮಾರುಕಟ್ಟೆಗೆ ತಂದಿತು. ಒಳಗೆ ಒಂದು ಭಾರದ ಗುಂಡು ತಿರುಗುತ್ತಾ ಬಂದು ಮುಂದಿನ ಅಡಿಗಲ್ಲಿಗೆ ಪಕ್ಕದಿಂದ ಗುದ್ದುತ್ತದೆ. ಗುದ್ದು ಬೋಲ್ಟಿಗೆ ಹೋಗುತ್ತದೆ, ಹಿಡಿದವನ ಮಣಿಕಟ್ಟಿಗೆ ಅಷ್ಟಾಗಿ ಬರುವುದಿಲ್ಲ. ಬೆಂಗಳೂರು-ಮಂಗಳೂರು ಹೆದ್ದಾರಿ ಚನ್ನರಾಯಪಟ್ಟಣ, ಹಾಸನ ಹಾದು ಶಿರಾಡಿ ಘಾಟಿಗೆ ಇಳಿಯುತ್ತದಲ್ಲ (ಹಿಂದೆ ಎನ್‌ಎಚ್ 48, ಈಗ 75), ಅಲ್ಲಿನ ಟೈರ್ ಅಂಗಡಿಗಳಲ್ಲಿ ಟರ್ರ್‌ರ್ ಅಂತ ಕೇಳುವ ಸದ್ದು ಅದೇ. ಅದಕ್ಕೂ ಮೊದಲು ಲಾರಿ ಚಕ್ರ ಬಿಚ್ಚಬೇಕಾದರೆ ವೀಲ್ ಪಾನಾಗೆ ಒಂದು ಮೀಟರ್ ಪೈಪ್ ಸಿಕ್ಕಿಸಿ ಕ್ಲೀನರ್ ಹುಡುಗ ಅದರ ತುದಿಗೆ ಹತ್ತಿ ಕುಣಿಯುತ್ತಿದ್ದ. 60 ಕಿಲೋದ ಹುಡುಗ ನಿಂತರೇ 590 ನ್ಯೂಟನ್-ಮೀಟರ್ ಹತ್ತಿರ. ಕುಣಿದರೆ ಅದೂ ಒಂದು ಇಂಪ್ಯಾಕ್ಟೇ! ಹಳೇ ಲಾರಿಗಳಲ್ಲಿ ಎಡಗಡೆ ಚಕ್ರದ ನಟ್ಟುಗಳಿಗೆ ಉಲ್ಟಾ ಮರೆ ಇರುತ್ತಿತ್ತು. ಅದು ಗೊತ್ತಿಲ್ಲದೆ ಹೊಸ ಕ್ಲೀನರ್ ಬಿಚ್ಚುತ್ತಿದ್ದೇನೆ ಅಂದುಕೊಂಡು ಇನ್ನಷ್ಟು ಬಿಗಿ ಮಾಡಿ ಬೈಸಿಕೊಂಡ ಕಥೆಗಳು ಬೇಕಾದಷ್ಟಿವೆ.

ಈ ಗನ್ನಿನ ಬಗ್ಗೆ ನನಗೆ ಒಂದು ತಕರಾರು ಇದೆ. ಬಿಚ್ಚುವುದಕ್ಕೆ ದೇವರು, ಬಿಗಿಯುವುದಕ್ಕೆ ಶನಿ. ಒಂದು ಸಲ ರಾತ್ರಿ ಚನ್ನರಾಯಪಟ್ಟಣ ದಾಟಿದ ಮೇಲೆ ನಮ್ಮ ಕಾರು ಪಂಕ್ಚರ್ ಆಯ್ತು. ಹಿಂದಿನ ವಾರವಷ್ಟೇ ಯಾವುದೋ ಟೈರ್ ಅಂಗಡಿಯಲ್ಲಿ ಗನ್ನಿನಿಂದ ನಟ್ ಬಿಗಿದಿದ್ದರು, ಅಳತೆ ಇಲ್ಲ ಏನಿಲ್ಲ, ಸದ್ದು ನಿಲ್ಲುವವರೆಗೆ. ಕಾರಿನ ಜೊತೆ ಬರುವ ಪುಟ್ಟ ಪಾನಾದ ಮೇಲೆ ನಾನು, ಅಪ್ಪ ಇಬ್ಬರೂ ಒಬ್ಬರಾದ ಮೇಲೆ ಒಬ್ಬರು ನಿಂತೆವು. ಊಹೂಂ. ಕೊನೆಗೆ ತೆಂಗಿನಕಾಯಿ ಲಾರಿಯೊಂದರ ಡ್ರೈವರಣ್ಣ ನಿಲ್ಲಿಸಿ, ತನ್ನ ಪೈಪ್ ತಂದು ಎರಡೇ ಕುಣಿತಕ್ಕೆ ಬಿಚ್ಚಿಕೊಟ್ಟರು. ಬಿಗಿಯುವಾಗ ಕೈಯಲ್ಲಿ ಶುರುಮಾಡಿ ಟಾರ್ಕ್ ಪಾನಾದಲ್ಲಿ ಮುಗಿಸಿ ಅಂತ ಅಂಗಡಿಯಲ್ಲಿ ಹೇಳಿ. ಮುಖ ಸಿಂಡರಿಸಿದರೂ ಹೇಳಿ.

2005ರ ಸುಮಾರಿಗೆ ಉಪಕರಣಗಳಿಗೆ ಲಿಥಿಯಂ ಬ್ಯಾಟರಿ ಬಂದ ಮೇಲೆ ನಿಮಿಷಕ್ಕೆ 3000 ಏಟು ಕೊಡುವ ಡ್ರೈವರ್ ಜೇಬಿಗೆ ಸಿಗುವಷ್ಟು ಚಿಕ್ಕದಾಯಿತು. ಈಗಿನ ಬೈಕುಗಳಲ್ಲಿ ಆರು ಮೂಲೆಯ ಅಲೆನ್ ಬೋಲ್ಟು, ಹೊರಗಿನಿಂದ ಹಿಡಿಯುವ ಬೋಲ್ಟು. ಅರಕಲಗೂಡಿನ ಮೇಸ್ತ್ರಿಗೆ ಉಪಕರಣ ಸಿಕ್ಕಿ, ಕೈ ಪಳಗಿ, ಏಟಿನ ಲೆಕ್ಕ ಗೊತ್ತಾಗುವ ಹೊತ್ತಿಗೆ ಕಾಲ ಮುಂದೆ ಹೋಗಿತ್ತು. 1996ರಲ್ಲಿ ಮೈಸೂರಿನ ಜಾವಾ ಕಾರ್ಖಾನೆ ಬಾಗಿಲು ಹಾಕಿತು, ಅದೇ ವರ್ಷ ಆರ್‌ಎಕ್ಸ್ 100 ತಯಾರಿಕೆಯೂ ನಿಂತಿತು. ಜಾವಾ ಹೆಸರು 2018ರಲ್ಲಿ ಮತ್ತೆ ಬಂತು, ಗಾಡಿ ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. "ಈಗ ಯಾರಿಗಪ್ಪ ಬೇಕು ಇದು" ಅಂತ ಮೇಸ್ತ್ರಿ ಗಟ್ಟಿಯನ್ನು ಬಟ್ಟೆಯಲ್ಲಿ ಮತ್ತೆ ಸುತ್ತಿ ನನಗೇ ಕೊಟ್ಟರು. ವಾಪಸ್ ತಂದುಕೊಡುತ್ತೇನೆ ಅಂದೆ. "ತಂದುಕೊಡು, ಗಾಡೀಲಿ ಬಂದು ಕೊಡು" ಅಂದರು. ಜೊತೆಗೆ ಒಂದಿಷ್ಟು ಬುದ್ಧಿವಾದ: ಹೊಡೆಯುವ ಮೊದಲು ಕವರನ್ನು ಬಿಸಿ ಮಾಡು, ಬಿಟ್ ನೆಟ್ಟಗೆ ಕೂರಲಿ, ಸಣ್ಣ ಸುತ್ತಿಗೆಯಲ್ಲಿ ಹತ್ತು ಏಟು ಬೇಡ, ದೊಡ್ಡದರಲ್ಲಿ ಒಂದೇ ಏಟು, ಹೊಡೆಯುವಾಗ ಗಟ್ಟಿಯನ್ನು ಬಿಚ್ಚುವ ದಿಕ್ಕಿಗೆ ಕೈಯಲ್ಲಿ ತಿರುಗಿಸಿ ಹಿಡಿದಿರು.

ಬಿಸಿ ಯಾಕೆ ಅಂದರೆ, ಅಲ್ಯುಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. 6 ಮಿಲಿಮೀಟರ್ ತೂತನ್ನು 100 ಡಿಗ್ರಿ ಹೆಚ್ಚಿಗೆ ಕಾಯಿಸಿದರೆ ಸ್ಕ್ರೂಗೂ ತೂತಿಗೂ 7 ಮೈಕ್ರಾನ್ ಹತ್ತಿರ ಅಂತರ ಬೀಳುತ್ತದೆ, ತಲೆಗೂದಲಿನ ಹತ್ತರಲ್ಲೊಂದು ಪಾಲು. ಗಾಡಿ ಹಳಿ ಕಾಯಿಸುತ್ತಿದ್ದ ಆಚಾರಿಯ ಲೆಕ್ಕವೇ.

ಶನಿವಾರ ಬೆಳಗ್ಗೆ ಅಜ್ಜಿಯ ಬಚ್ಚಲೊಲೆಯಿಂದ ಕುದಿಯುವ ನೀರು ತಂದು ಕವರಿನ ಮೇಲೆ ಸುರಿದೆ. (ಬ್ಲೋ ಟಾರ್ಚ್ ಇರಲಿಲ್ಲ, ಇದ್ದರೂ ಪೆಟ್ರೋಲ್ ಟ್ಯಾಂಕ್ ಪಕ್ಕ ಧೈರ್ಯ ಆಗುತ್ತಿರಲಿಲ್ಲ.) ಅಂಚು ಕಿತ್ತುಹೋದ ಸೀಳಿಗೆ ಚಪ್ಪಟೆ ಬಿಟ್ ಇಟ್ಟು, ಗಟ್ಟಿಯನ್ನು ಎಡಕ್ಕೆ ತಿರುಗಿಸಿ ಹಿಡಿದು, ತೆಂಗಿನ ಗರಿ ಸೀಳುತ್ತಿದ್ದ ಮಾವನನ್ನು ಕರೆದೆ. ಮಾವ ಸುತ್ತಿಗೆ ಎತ್ತಿ ನನ್ನ ಕೈ ನೋಡಿ, "ತಪ್ಪಿದ್ರೆ ನನ್ನ ಬೈಬೇಡ" ಅಂದ್ರು. ಒಂದು ಏಟು. ಏನೂ ಆಗಲಿಲ್ಲ. ಎರಡನೇ ಏಟಿಗೆ ಟಕ್ ಅಂತ ಒಂದು ಸಣ್ಣ ಒಣ ಸದ್ದು ಬಂತು. ಕೈಗೆ ಗೊತ್ತಾಯಿತು. ಸ್ಕ್ರೂಡ್ರೈವರಲ್ಲಿ ತಿರುಗಿಸಿದರೆ ಬೆಣ್ಣೆಯಲ್ಲಿ ತಿರುಗಿದ ಹಾಗೆ ಬಂತು!

ಉಳಿದವೂ ಬಂದವು. ಕವರ್ ತೆಗೆದಾಗ ಕಪ್ಪು ಎಣ್ಣೆ ಒಂದಿಷ್ಟು ಸುರಿಯಿತು, ಚೈನು ಕ್ಲಚ್ಚು ಎಲ್ಲ ಕಂಡವು, ತುಕ್ಕಿಲ್ಲ. ಮಾವ ಕಿಕ್ ಲಿವರ್ ಮೇಲೆ ಕಾಲಿಟ್ಟು ನಿಧಾನಕ್ಕೆ ಒತ್ತಿದರು. ಇಂಜಿನ್ ತಿರುಗಿತು.

ಗುಜರಿಯವನಿಗೆ ಮಾವನೇ ಫೋನ್ ಮಾಡಿದರು. ಆಮೇಲೆ ಬಿಚ್ಚಿಟ್ಟ ಸ್ಕ್ರೂಗಳನ್ನೆಲ್ಲ ಪೇಪರ್ ಮೇಲೆ ಸಾಲಾಗಿ ಜೋಡಿಸಿ ನೋಡುತ್ತಾ ಕೂತಿದ್ದರು. ಒಂದನ್ನು ಎತ್ತಿ, "ಈ ಕಚ್ಚು ನಾನು ಮಾಡಿದ್ದು ಕಣೋ. ಹೈಸ್ಕೂಲಲ್ಲಿದ್ದೆ. ಅಪ್ಪನಿಗೆ ಹೇಳದೆ ಬಿಚ್ಚಕ್ಕೆ ಹೋಗಿ ಉಳಿ ಜಾರಿತ್ತು. ಅವರು ನೋಡಿದ್ರು, ಏನೂ ಅನ್ನಲಿಲ್ಲ" ಅಂದ್ರು.

ಹೊಸ ಸ್ಕ್ರೂ ಹಾಸನದಲ್ಲಿ ಸಿಗುತ್ತದೆ, ತರಲಾ ಅಂತ ಕೇಳಿದೆ. ಬೇಡವಂತೆ. ಅವೇ ಹಾಕಬೇಕಂತೆ, ಗ್ರೀಸ್ ಸವರಿ.

ಬಲಗಡೆ ಕವರ್ ಇನ್ನೂ ಬಾಕಿ ಇದೆ. ಮುಂದಿನ ತಿಂಗಳು ರಜೆ ಸಿಕ್ಕರೆ ಅದು, ಆಮೇಲೆ ಅರಕಲಗೂಡಿಗೆ. ನಿಮ್ಮ ಮನೆಯಲ್ಲೂ ಹಳೇ ಜಾವಾನೋ ಆರ್‌ಎಕ್ಸೋ ಇದ್ದರೆ ಸ್ಕ್ರೂ ತಲೆಗಳ ಮೇಲೆ ಒಮ್ಮೆ ಟಾರ್ಚ್ ಹಾಕಿ ನೋಡಿ, ಏನು ಕಂಡಿತು ಅಂತ ಕಾಮೆಂಟಿನಲ್ಲಿ ಬರೆಯಿರಿ.